ಸದ್ದಿಲ್ಲದ ಕೀಬೋರ್ಡ್

ಕೆಳಮನೆಯಿಂದ
ಫೆಬ್ರವರಿ 11, ಭಾನುವಾರ ಮಧ್ಯಾಹ್ನ

ಪ್ರೀತಿಯ ನಿಮಗೆ,

ಹೇಗಿದ್ದೀರಿ? ಮೊಣಕಾಲು ನೋವು ಹತೋಟಿಯಲ್ಲಿದೆಯೇ? ಎಂಜಿನ್ ಕೋಣೆಯ ಏಣಿ ಹತ್ತಿ ಇಳಿಯುವಾಗ ಪಟ್ಟಿ ಸುತ್ತಿಕೊಳ್ಳಿ ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ನೀವು ಹೂಂ ಎನ್ನುವುದೂ, ಸುತ್ತಿಕೊಳ್ಳದೆ ಇರುವುದೂ ನನಗೆ ಚೆನ್ನಾಗಿ ಗೊತ್ತು. ನಾನು ಆರೋಗ್ಯವಾಗಿದ್ದೇನೆ. ನಾನು ಈ ಸಾಲು ಬರೆಯುವ ಹೊತ್ತಿಗೆ ಮಾವ ನನ್ನ ಎದುರಿನ ಮಂಚದ ಮೇಲೆ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದಾರೆ. ಗೊರಕೆಯೂ ಇದೆ. ಇದನ್ನು ಮೊದಲೇ ಬರೆದುಬಿಟ್ಟರೆ ಮುಂದಿನದನ್ನು ನೀವು ಕೂತು ಓದಬಲ್ಲಿರಿ ಎಂದು ಬರೆದೆ. ಅವರು ಬದುಕಿದ್ದಾರೆ, ನಿದ್ದೆ ಬರುತ್ತಿದೆ, ನಿನ್ನೆ ರಾತ್ರಿ ಅಡುಗೆಗೆ ಉಪ್ಪು ಸಾಲದು ಎಂದು ನನ್ನನ್ನು ಬೈದರು. ಬೈಸಿಕೊಂಡು ನಾನು ಅತ್ತುಬಿಟ್ಟೆ, ಖುಷಿಗೆ.

ಮೇಲೆ ‘ಕೆಳಮನೆಯಿಂದ’ ಎಂದಿರುವುದನ್ನು ನೀವು ಗಮನಿಸಿರುತ್ತೀರಿ. ಕೆಲವು ವಾರಗಳಿಂದ ನಮ್ಮ ಮನೆಗೆ ಬೀಗ ಬಿದ್ದಿದೆ. ಕೆಳಗಿನ ಹೊಲಿಗೆಯಮ್ಮ ತಮ್ಮ ಮುಂದಿನ ಕೋಣೆಯನ್ನು ನಮಗೆ ಬಿಟ್ಟುಕೊಟ್ಟಿದ್ದಾರೆ. ಅವರು ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಸೀಮೆಸುಣ್ಣದ ಪುಡಿ ಮತ್ತು ಗುಂಡುಸೂಜಿಗಳ ನಡುವೆ ಜಾಗ ಮಾಡಿಕೊಂಡು ಬರೆಯುತ್ತಿದ್ದೇನೆ. ಹಿಂದಿನ ಕಾಗದಗಳಲ್ಲಿ ಇದ್ಯಾವುದನ್ನೂ ಹೇಳಲಿಲ್ಲ. ನಡುಸಮುದ್ರದಲ್ಲಿರುವವರಿಗೆ ಅರ್ಧ ಸುದ್ದಿ ಕಳಿಸಿ ಕೊರಗಿಸುವುದೇಕೆ, ಪೂರ್ತಿ ತಿಳಿದ ಮೇಲೆ ಬರೆದರಾಯಿತು ಎಂದುಕೊಂಡೆ. ಈಗ ಪೂರ್ತಿ ತಿಳಿದಿದೆ. ಸಿಟ್ಟು ಮಾಡಿಕೊಳ್ಳದೆ ಓದಿ.

ನೀವು ಹೊರಟು ತಿಂಗಳಾಗಿತ್ತೋ ಇಲ್ಲವೋ, ಮಾವನ ಧ್ವನಿ ಇಳಿಯಿತು. ನಿಮ್ಮಪ್ಪನ ಧ್ವನಿ ಎಂಥದೆಂದು ನಿಮಗೆ ನಾನು ಹೇಳಬೇಕೇ! ಜೀವಮಾನವೆಲ್ಲ ಹರಾಜು ಕೂಗಿದ ಗಂಟಲು. ಬಚ್ಚಲಿನಿಂದ ಟವೆಲ್ ಕೇಳಿದರೆ ಬೀದಿಯಲ್ಲಿ ಹೋಗುವವರು ತಲೆಯೆತ್ತಿ ನೋಡುತ್ತಿದ್ದರು. ಮದುವೆಯಾದ ಹೊಸದರಲ್ಲಿ ಅವರು ಸುಮ್ಮನೆ ಕುಶಲ ಕೇಳಿದರೂ ಜಗಳಕ್ಕೆ ಬಂದರೆಂದು ನಾನು ಅಡುಗೆಮನೆ ಸೇರಿಕೊಳ್ಳುತ್ತಿದ್ದೆ, ನೀವು ಬಂದು ನಗುತ್ತಾ ಕರೆದೊಯ್ಯುತ್ತಿದ್ದಿರಿ. ಆ ಧ್ವನಿ ದಿನೇ ದಿನೇ ಸಣ್ಣದಾಯಿತು. ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಮಗೂ, ಟೀ ಇದ್ಯಾ?" ಎಂದರು, ಪರಸ್ಥಳದವರು ವಿಳಾಸ ಕೇಳುವ ಹಾಗೆ. "ಇದ್ಯಾ ಅಂದ್ರೇನು ಮಾವ, ಇದು ನಿಮ್ಮನೆ ಅಲ್ವಾ?" ಎಂದು ನಕ್ಕೆ. ಅವರು ನಗಲಿಲ್ಲ. ಟೀ ಕಪ್ಪನ್ನು ಕೈಗೆ ಕೊಟ್ಟರೆ ಬಸಿಯ ಮೇಲೆ ಅದು ಗಡಗಡ ಎಂದಿತು. ನಾನದನ್ನು ನೋಡಿಬಿಟ್ಟೆನಲ್ಲ ಎಂದು ಅವರು ಮುಖ ಕೆಂಪಗೆ ಮಾಡಿಕೊಂಡು ಗೋಡೆಗೆ ತಿರುಗಿ ಕುಡಿದರು. ವಯಸ್ಸು, ಮಗ ದೂರ ಹೋದ ಬೇಸರ, ಚಳಿ ಬೇರೆ, ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ.

ಆಮೇಲೆ ಹೆದರಿಕೆ ಶುರುವಾಯಿತು. ಮೊದಲು ಅವರಿಗೆ, ನಂತರ ನನಗೆ. ಮೀಟರ್ ಓದುವವನು ಬಾಗಿಲು ಬಡಿದಾಗ ಅವರು ಕಾಣೆಯಾದರು. ಹುಡುಕಿದರೆ ಕೋಟುಗಳನ್ನು ನೇತುಹಾಕುವ ಮೂಲೆಯಲ್ಲಿ, ನಿಮ್ಮ ಹಳೆಯ ಮಳೆಕೋಟನ್ನು ಮುಖದ ಮುಂದೆ ಹಿಡಿದುಕೊಂಡು ನಿಂತಿದ್ದಾರೆ. ಕೆಳಗೆ ಪಾದಗಳು ಕಾಣುತ್ತಿದ್ದವು, ಒಂದರ ಮೇಲೊಂದು ಇಟ್ಟುಕೊಂಡಿದ್ದರು. ಸಾವಿರ ಜನರ ಮುಂದೆ ಪೀಠದ ಮೇಲೆ ನಿಂತು ಕೂಗುತ್ತಿದ್ದವರು ಅವರು! ಬೀದಿಯ ಸದ್ದು ಒಳಗೆ ಬರುತ್ತದೆ ಎಂದು ತಮ್ಮ ಕೋಣೆಯ ಕಿಟಕಿ ಮುಚ್ಚಿದರು. ಸಂದುಗಳಿಗೆ ಪೇಪರ್ ತುರುಕಿದರು. ಹೀಟರ್ ಹಚ್ಚಿಕೊಂಡು ದಿನವಿಡೀ ಒಳಗೇ ಇರುತ್ತಿದ್ದರು. ನಾನು ಸಂಜೆ ವಕೀಲರ ಕಚೇರಿಯ ಟೈಪಿಂಗ್ ಕೆಲಸ ಮುಗಿಸಿ ಬಂದು ಬಾಗಿಲು ತೆಗೆದರೆ ಬಿಸಿ ಗಾಳಿ ಮುಖಕ್ಕೆ ರಾಚುತ್ತಿತ್ತು. "ಬಾಯೆಲ್ಲ ನಾಣ್ಯ ಚೀಪಿದ ಹಾಗಿದೆ ಕಣಮ್ಮ" ಎಂದು ಒಮ್ಮೆ ಹೇಳಿದರು. ದಿಂಬಿನ ಮೇಲೆ ರಕ್ತದ ಕಲೆ ಇತ್ತು, ವಸಡಿನದು. ರಾತ್ರಿಯೆಲ್ಲ ಓಡಾಡುವ ಸದ್ದು. ನಾನು ಒಳಗೆ ಕಾಲಿಟ್ಟರೆ ತೋಳು ಅಡ್ಡ ಹಿಡಿಯುತ್ತಿದ್ದರು, ಹೊಡೆಯಲು ಬಂದವಳೋ ಎಂಬಂತೆ.

ಹತ್ತಿರದ ಡಾಕ್ಟರು ನೋಡಿ, ಮರೆವು ಶುರುವಾಗುವಾಗ ಹೀಗೇ ಇರುತ್ತದೆ ಎಂದು ನಿದ್ದೆಯ ಗುಳಿಗೆ ಕೊಟ್ಟರು. ಅವರನ್ನು ದೂರುವುದಿಲ್ಲ, ನೋಡಿದವರು ಯಾರೇ ಆದರೂ ಹಾಗೇ ಎನ್ನುತ್ತಿದ್ದರು. ನನಗೆ ಹೆಚ್ಚು ಭಯವಾದದ್ದು ಹೊಲಿಗೆಯಮ್ಮನ ನೋಟಕ್ಕೆ. ಮೆಟ್ಟಿಲಲ್ಲಿ ಸಿಕ್ಕರೆ ಮೊದಲು ತಡೆದು ನಿಲ್ಲಿಸಿ ಮಾತಾಡುತ್ತಿದ್ದವರು ಈಗ ಗೋಡೆಗೆ ಸರಿದು ದಾರಿ ಬಿಡುತ್ತಿದ್ದರು. ಒಂದು ಸಂಜೆ ತಡೆಯಲಾರದೆ ಕೇಳಿಯೇಬಿಟ್ಟರು: "ಮುದುಕರು ಅಳೋದು ನಂಗೆ ಇಲ್ಲಿಗೆ ಕೇಳ್ಸುತ್ತೆ. ನೀನು ಮನೇಲಿರುವಾಗ್ಲೂ ಕೇಳ್ಸುತ್ತೆ. ಏನ್ ನಡೀತಿದೆ ಮೇಲೆ?" ನಾನೇನು ಹೇಳಲಿ? ನನ್ನನ್ನು ಕಂಡರೆ ಅವರು ತೋಳು ಅಡ್ಡ ಹಿಡಿಯುವುದು ನಿಜ. ನೋಡಿದವರು ಏನೆಂದುಕೊಂಡಾರು? ನಿಮ್ಮ ಕಿವಿಗೆ ಅದು ಯಾವ ರೂಪದಲ್ಲಿ ಮುಟ್ಟೀತು? ಆ ರಾತ್ರಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಾ, ನಾನೇ ಏನಾದರೂ ಮಾಡಿದ್ದೇನೆಯೇ, ಗಟ್ಟಿಯಾಗಿ ಮಾತಾಡಿದ್ದೇನೆಯೇ ಎಂದು ಒಂದೊಂದು ದಿನವನ್ನೂ ಕೆದಕಿ ನೋಡಿದೆ.

ಅದಾದ ಕೆಲವೇ ದಿನಕ್ಕೆ ನಾನು ಕೆಲಸದಿಂದ ಬಂದಾಗ ಒಳಗಿನಿಂದ ಚಿಲಕ ಹಾಕಿತ್ತು. ಬಡಿದೆ, ಕರೆದೆ. ಒಳಗೆ ಬಾಗಿಲಿಗೆ ಅಂಟಿಕೊಂಡಂತೆ ಉಸಿರಾಟ ಕೇಳಿಸುತ್ತಿತ್ತು. "ಯಾರದು?" "ನಾನೇ ಮಾವ." "ಸುಳ್ಳು. ಹೊರಟ್ಹೋಗಿ ಇಲ್ಲಿಂದ." ಮತ್ತೆ ಕರೆದೆ. ಆಗ ಅವರು ನಡುಗುವ ದನಿಯಲ್ಲಿ ಹೇಳಿದ ಮಾತು ನಾನು ಸಾಯುವವರೆಗೂ ಮರೆಯುವುದಿಲ್ಲ: "ನೋಡಿ, ನನ್ನ ಸೊಸೆ ಈಗ ಬರ್ತಾಳೆ. ಅವಳು ಬಂದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ." ನಾನು ಮೆಟ್ಟಿಲ ಮೇಲೆ ಕುಸಿದು ಕೂತೆ. ಕೆಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತ್ತು. ಹೊಲಿಗೆಯಮ್ಮ ಕತ್ತಿನಲ್ಲಿ ಅಳತೆ ಪಟ್ಟಿ ಹಾಕಿಕೊಂಡೇ ಮೇಲೆ ಬಂದಿದ್ದರು, ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನನ್ನ ಹೆಗಲ ಮೇಲೆ ಕೈಯಿಟ್ಟು ಬಾಗಿಲಿಗೆ ಬಾಯಿ ಹಚ್ಚಿ, "ಯಜಮಾನ್ರೇ, ನಾನು ಕೆಳಗಿನವಳು. ನಿಮ್ಮ ಸೊಸೆ ಬಂದಿದಾಳೆ, ನನ್ ಕಣ್ಣಾರೆ ನೋಡ್ತಿದೀನಿ. ಅವರನ್ನೆಲ್ಲ ಓಡಿಸಿದ್ಲು. ಬಾಗಿಲು ತೆಗೀರಿ" ಎಂದರು. ಬಹಳ ಹೊತ್ತಿನ ಮೇಲೆ ಚಿಲಕ ಸರಿಯಿತು. ಮಾವ ಒದ್ದೆಯಾದ ಪೈಜಾಮದಲ್ಲಿ ನಿಂತಿದ್ದರು. ಕೈಯಲ್ಲಿ ಹರಾಜಿನ ಮರದ ಸುತ್ತಿಗೆ. ಅದು ಎಷ್ಟು ನಡುಗುತ್ತಿತ್ತೆಂದರೆ ಬಾಗಿಲ ಚೌಕಟ್ಟಿಗೆ ಬಡಿದು ತಾನೇ ಸದ್ದು ಮಾಡುತ್ತಿತ್ತು.

ಮರುದಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು, ಹೊಲಿಗೆಯಮ್ಮನೂ ಬಂದರು. ಅಲ್ಲಿನ ನರರೋಗದ ಡಾಕ್ಟರಮ್ಮ ಮಾವನ ಕೈಗೆ ಪೆನ್ನು ಕೊಟ್ಟು ಸುರುಳಿ ಬರೆಯಲು ಹೇಳಿದರು. ಹುಚ್ಚು ಹಿಡಿದ ಇರುವೆ ಓಡಿದ ಹಾಗೆ ಬಂತು ಗೆರೆ. ವಸಡು ನೋಡಿದರು, ನಾಲಿಗೆ ನೋಡಿದರು. ನಂತರ ನನ್ನ ಕಡೆ ತಿರುಗಿ, "ಇವರು ಮೊದ್ಲು ಎಂಥವರಾಗಿದ್ರು?" ಎಂದು ಕೇಳಿದರು. ಈವರೆಗೆ ಯಾರೂ ಕೇಳದ ಪ್ರಶ್ನೆ. ಹೇಳಿದೆ. ಹೇಳುತ್ತಾ ಹೋದಂತೆ ಅವರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ರಕ್ತ, ಮೂತ್ರ ಎಲ್ಲ ಕಳಿಸಿ ಮಾವನನ್ನು ಅಲ್ಲೇ ಉಳಿಸಿಕೊಂಡರು. ವರದಿ ಬಂದ ದಿನ ನನ್ನನ್ನು ಕೂರಿಸಿ ಹೇಳಿದರು: "ಇದು ಮರೆವಲ್ಲಮ್ಮ. ಇವರ ಮೈಯಲ್ಲಿ ಪಾದರಸ ಸೇರಿದೆ. ಅದರ ಆವಿ ಉಸಿರಾಡಿದ್ರೆ ಕೈ ನಡುಗುತ್ತೆ, ನಿದ್ದೆ ಹೋಗುತ್ತೆ, ಮನುಷ್ಯ ಎಲ್ಲದಕ್ಕೂ ಹೆದರೋಕೆ ಶುರು ಮಾಡ್ತಾನೆ. ಹೆದರಿ ಕಿಟಕಿ ಮುಚ್ತಾನೆ. ಮುಚ್ಚಿದ್ರೆ ಆವಿ ಇನ್ನೂ ಜಾಸ್ತಿ. ಮನೇಲಿ ಅದೆಲ್ಲಿದೆ ಅಂತ ಹುಡುಕಬೇಕು. ಒಡೆದ ಥರ್ಮಾಮೀಟರ್, ಹಳೇ ಬಿ.ಪಿ. ಯಂತ್ರ, ಏನಾದ್ರೂ. ಕಿಟಕಿ ತೆಗೆದಿಟ್ಟು ಹುಡುಕು, ಜಾಸ್ತಿ ಹೊತ್ತು ಇರ್ಬೇಡ, ರಾತ್ರಿ ಅಲ್ಲಿ ಮಲಗ್ಬೇಡ."

ಮಾವನನ್ನೇ ಕೇಳೋಣವೆಂದರೆ ಪ್ರಶ್ನೆ ಕೇಳಿದೊಡನೆ ಅವರು ಹೊದಿಕೆ ಮುಖಕ್ಕೆಳೆದುಕೊಳ್ಳುತ್ತಿದ್ದರು. ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಮನೆಗೆ ಹೋದೆ. ನಮ್ಮದೇ ಮನೆ, ನಾನೇ ಒರೆಸಿ ಗುಡಿಸಿದ ನೆಲ. ಆದರೂ ಕಳ್ಳಿಯ ಹಾಗೆ ಹೆಜ್ಜೆಯಿಟ್ಟೆ. ಗೋಡೆ, ಗಾಳಿ, ನೀರಿನ ಹೂಜಿ ಎಲ್ಲದರ ಮೇಲೂ ಅನುಮಾನ. ಥರ್ಮಾಮೀಟರ್ ಕಪಾಟಿನಲ್ಲಿ ಭದ್ರವಾಗಿತ್ತು. ಬಲ್ಬುಗಳನ್ನು ನೋಡಿದೆ, ಗೋಡೆ ಗಡಿಯಾರ ಇಳಿಸಿದೆ, ಮಾವನ ಹಳೆಯ ಸಾಮಾನಿನ ಡಬ್ಬಗಳನ್ನೆಲ್ಲ ಸುರುವಿದೆ. ಏನೂ ಇಲ್ಲ. ಕೊನೆಗೆ ಅವರ ಮಂಚದ ಕೆಳಗೆ ಕೈ ಹಾಕಿದರೆ ಗೋಡೆಯ ಕಡೆಗೆ ಕಂಬಳಿಯಲ್ಲಿ ಸುತ್ತಿದ ಭಾರವಾದದ್ದೇನೋ ಸಿಕ್ಕಿತು. ಬಿಚ್ಚಿದರೆ ಹಳೆಯ ಕಂಪ್ಯೂಟರಿನ ಕೀಬೋರ್ಡ್!

ನನಗೆ ಬಂದದ್ದು ಸಿಟ್ಟು. ಅಪ್ಪ ಮಗ ಸೇರಿ ಈ ಹಳೆಯ ಕೀಬೋರ್ಡುಗಳಿಂದ ಮನೆ ತುಂಬಿಸಿದ್ದೀರಲ್ಲ, ಇನ್ನು ಒಂದು ಬಂದರೂ ನಾನು ಮನೆ ಬಿಟ್ಟು ಹೋಗುತ್ತೇನೆ ಎಂದಿದ್ದೆನಲ್ಲ, ಅದಕ್ಕೇ ಮುದುಕರು ಬಚ್ಚಿಟ್ಟಿದ್ದರು. ಸುಸ್ತಾಗಿ ನೆಲದ ಮೇಲೆ, ಮಂಚದ ಪಕ್ಕದ ಜಮಖಾನದ ಮೇಲೇ ಕೂತುಬಿಟ್ಟೆ. ಕೂತವಳ ಕೈ ಸುಮ್ಮನಿರಬೇಕಲ್ಲ? ಇಷ್ಟು ವರ್ಷ ನಿಮಗೆ ಟಾರ್ಚ್ ಹಿಡಿದು ಹಿಡಿದು ನನಗೂ ಆ ಚಟ ಅಂಟಿದೆ. ತಿರುಗಿಸಿ ಬೆನ್ನು ನೋಡಿದೆ: ಚೀಟಿಯಿಲ್ಲ, ಹೆಸರಿಲ್ಲ, ನಾಲ್ಕು ತಿರುಪಿನ ತೂತು ಮಾತ್ರ. ವೈರಿನ ತುದಿ ನೋಡಿದೆ: ಕತ್ತರಿಸಿಹೋಗಿತ್ತು. ಬಲಗಡೆ ಏನೂ ಬರೆಯದ ಒಂದು ಉದ್ದನೆಯ ಕೆಂಪು ಕೀ, ನಮ್ಮ ಕಪಾಟಿನಲ್ಲಿರುವ ಯಾವುದರಲ್ಲೂ ಇಲ್ಲದ್ದು. ಒತ್ತಿದೆ. ಟೈಪು ಮಾಡಿ ಹೊಟ್ಟೆ ಹೊರೆಯುವವಳ ಬೆರಳುಗಳಿವು, ಕಣ್ಣು ಮುಚ್ಚಿದ್ದರೂ ಕೆಳಗೆ ಸ್ಪ್ರಿಂಗ್ ಇದೆಯೋ ರಬ್ಬರ್ ಇದೆಯೋ ಹೇಳುತ್ತವೆ. ಇದಕ್ಕೆ ಮಾತ್ರ ಬೆರಳಿಗೆ ಉತ್ತರ ಸಿಗಲಿಲ್ಲ. ಟಕ್ ಎನ್ನಲಿಲ್ಲ, ನಡುವೆ ತಡೆಯಲಿಲ್ಲ, ತಳ ಮುಟ್ಟಿದ್ದೂ ತಿಳಿಯಲಿಲ್ಲ. ಮಲಗಿದ ಪ್ರಾಣಿಯ ಹೊಟ್ಟೆ ಒತ್ತಿದ ಹಾಗಿತ್ತು. ಬೆರಳು ಹಿಂದಕ್ಕೆಳೆದುಕೊಂಡೆ.

ನಿಮ್ಮ ಟಿಕ್‌ಟಿಕ್ ಅಣ್ಣನಿಗೆ ಫೋನು ಮಾಡಿದೆ. ಅವರ ಗಡಿಯಾರದ ಅಂಗಡಿಯಲ್ಲಿ ಆಗ ಗಿರಾಕಿಗಳಿರಲಿಲ್ಲ. ನಿಮ್ಮ ಹಾಗೆಯೇ ಅವರಿಗೂ ಗಡಿಯಾರ ರಿಪೇರಿಗಿಂತ ಹೆಸರಿಲ್ಲದ ಕೀಬೋರ್ಡಿಗೆ ಹೆಸರು ಹುಡುಕುವುದರಲ್ಲೇ ಜೀವ ಎಂದು ನಿಮಗೇ ಗೊತ್ತು. ಖುಷಿಯಾಗಿ ಶುರುಮಾಡಿದರು. "ಕೀ ಮೇಲಿನ ಟೋಪಿ ತೆಗೆದ್ಯಾ?" ನೀವು ತಂತಿ ಬಗ್ಗಿಸಿ ಮಾಡಿದ ಕೊಕ್ಕೆಯಿಂದ ಒಂದು ಕೀಯ ಟೋಪಿ ಎತ್ತಿದೆ. "ಕೆಳಗೆ ಪ್ಲಸ್ ಗುರುತಿದ್ಯಾ?" "ಇಲ್ಲಣ್ಣ." "ಫೋನ್ ಹತ್ರ ಹಿಡಿದು ಒತ್ತು, ಸದ್ದು ಕೇಳ್ತೀನಿ." ಒತ್ತಿದೆ. "ಒತ್ತಮ್ಮ." "ಒತ್ತುತಾ ಇದೀನಿ ಅಣ್ಣ." ಅವರ ದನಿ ಸ್ವಲ್ಪ ಬದಲಾಯಿತು. "ಗುಂಡುಸೂಜಿ ಹತ್ರ ಒಯ್ದು ನೋಡು, ಎಳೆಯುತ್ತಾ? ಕೆಲವು ಹಳೇವುಗಳಲ್ಲಿ ಅಯಸ್ಕಾಂತ ಇರುತ್ತೆ." ಎಳೆಯಲಿಲ್ಲ. "ಸ್ಪಂಜು? ಬೆಳ್ಳಿ ಹಾಳೆ? ಗಾಜಿನ ಕೊಳವೆ?" ನಾನು ಬಗ್ಗಿ ನೋಡಿದೆ. "ಗಾಜಲ್ಲ ಅಣ್ಣ, ಮೆತ್ತನೇ ಕೊಳವೆ. ಒಳಗೇನೋ ಹೊಳೀತಿದೆ. ಒತ್ತಿದ್ರೆ ಎರಡು ಭಾಗ ಆಗುತ್ತೆ, ಬಿಟ್ರೆ ಕೂಡ್ಕೊಳ್ಳುತ್ತೆ." ಅಣ್ಣ ಬಹಳ ನಿಧಾನವಾಗಿ ಹೇಳಿದರು: "ತಂಗೀ, ಕೈ ತೆಗಿ. ಅದು ಪಾದರಸ. ಎತ್ಬೇಡ, ಅಲುಗಾಡಿಸ್ಬೇಡ. ಎಲ್ಲಾದ್ರೂ ಹರಿದಿದ್ಯಾ ನೋಡು." ಮೇಲಿನ ಸಾಲಿನಲ್ಲಿ ಐದಾರು ಕೊಳವೆಗಳು ಉದ್ದಕ್ಕೆ ಸೀಳಿದ್ದವು, ನೇರವಾಗಿ, ಬ್ಲೇಡಿನಿಂದ. ಒಳಗೆ ಖಾಲಿ. "ಟಾರ್ಚ್ ನೆಲದ ಮಟ್ಟಕ್ಕೆ ಅಡ್ಡ ಹಿಡಿ."

ಪರದೆ ಎಳೆದು, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ಟಾರ್ಚ್ ಹಿಡಿದೆ. ಹಲಗೆಗಳ ಸಂದಿನಲ್ಲಿ, ಹೀಟರಿನ ಕಾಲಿನ ಬಳಿ, ಜಮಖಾನದ ನೂಲುಗಳ ನಡುವೆ, ನನ್ನ ಮೊಣಕಾಲಿನ ಪಕ್ಕದಲ್ಲಿ, ಎಲ್ಲೆಲ್ಲೂ ಸಣ್ಣ ಸಣ್ಣ ಕಣ್ಣು ಬಿಟ್ಟುಕೊಂಡು ಅದು ನನ್ನನ್ನೇ ನೋಡುತ್ತಿತ್ತು. ಪ್ರತಿ ಭಾನುವಾರ ಇದೇ ಕೋಣೆಯಲ್ಲಿ ಧೂಳೆಳೆಯುವ ಯಂತ್ರ ಓಡಿಸಿ, ಅದನ್ನು ಬಿಸಿ ಮಾಡಿ ಗಾಳಿಗೆ ಎಬ್ಬಿಸುತ್ತಿದ್ದವಳು ನಾನೇ ಎಂದು ಆಗ ಹೊಳೆಯಿತು. ಕಿರುಚಬೇಕೆನಿಸಿತು, ಬಾಯಿ ತೆರೆಯಲೂ ಹೆದರಿಕೆ, ಗಾಳಿ ಒಳಗೆ ಹೋದೀತೆಂದು. "ಎದ್ದು ಹೊರಗೆ ಬಾ, ಚಪ್ಪಲಿ ಅಲ್ಲೇ ಬಿಡು, ಬಾಗಿಲು ಎಳ್ಕೊ" ಎಂದು ಅಣ್ಣ ಕೂಗುತ್ತಲೇ ಇದ್ದರು. ಬರಿಗಾಲಲ್ಲಿ ಮೆಟ್ಟಿಲಿಳಿದು ಹೊಲಿಗೆಯಮ್ಮನ ಬಾಗಿಲ ಹೊರಗೆ ನಿಂತೆ. ಒಳಗೆ ಬಾ ಎಂದರೂ ಹೋಗಲಿಲ್ಲ. ನನ್ನ ಸೀರೆಯ ಮಡಿಕೆಯಲ್ಲಿ ಅದನ್ನು ಅವರ ಮನೆಗೂ ತಂದುಬಿಟ್ಟರೆ? ಅವರೇ ಹೊರಗೆ ಬಂದು, ಮೆಟ್ಟಿಲ ತಿರುವಿನಲ್ಲಿ ಹಾಸುಬಟ್ಟೆ ಅಡ್ಡ ಹಿಡಿದು ನನ್ನ ಬಟ್ಟೆ ಬದಲಾಯಿಸಿದರು. ಗಿರಾಕಿಯೊಬ್ಬರಿಗೆ ಹೊಲಿದಿಟ್ಟ ಹೊಸ ಅಂಗಿ ನನ್ನ ಮೈಮೇಲೆ ಬಂತು. ಈಗಲೂ ಅದು ನನ್ನ ಬಳಿಯೇ ಇದೆ, ತೋಳು ಉದ್ದ.

ಪುರಸಭೆಯವರು ಮುಖವಾಡ ಹಾಕಿಕೊಂಡು ಬಂದರು. ಕೀಬೋರ್ಡು, ಜಮಖಾನ, ಹಾಸಿಗೆ, ಧೂಳಿನ ಯಂತ್ರ, ನೆಲದ ಅರ್ಧ ಹಲಗೆಗಳು, ಎಲ್ಲವನ್ನೂ ಮೊಹರು ಮಾಡಿ ಒಯ್ದರು. ನಿಮ್ಮ ಕೀಬೋರ್ಡುಗಳ ಕಪಾಟನ್ನೂ ಪೂರ್ತಿ ಒಯ್ಯುತ್ತೇವೆ ಎಂದರು. ಟಿಕ್‌ಟಿಕ್ ಅಣ್ಣ ಅಂಗಡಿಗೆ ಬೀಗ ಹಾಕಿ ಓಡಿ ಬಂದು, ಕೈಗವಸು ಹಾಕಿಕೊಂಡು ಟೆರೇಸಿನ ಬಯಲಲ್ಲಿ ಕೂತರು. ನಾನು ಪಕ್ಕದಲ್ಲಿ ಕೊಕ್ಕೆ ಹಿಡಿದು ಕೂತೆ. ನೀವು ‘ಗೊತ್ತಿಲ್ಲದವು’ ಎಂದು ಬರೆದಿಟ್ಟ ಮೇಲಿನ ಹಲಗೆಯವನ್ನೇ ಮೊದಲು ತೆಗೆದೆವು. ಒಂದೊಂದರ ಟೋಪಿ ಎತ್ತುವಾಗಲೂ ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಯಾವುದಾದರೂ ಒಂದು ಟಕ್ ಎಂದರೆ ಸಾಕು, "ಇದು ತಗಡಿನದು, ಬದುಕಿದ್ವಿ" ಎಂದು ಅಣ್ಣ ನಿಟ್ಟುಸಿರು ಬಿಡುತ್ತಿದ್ದರು. ಮೆತ್ತಗೆ ಇಳಿದರೆ ಇಬ್ಬರ ಮುಖವೂ ಬಿಳಿಚಿಕೊಳ್ಳುತ್ತಿತ್ತು. ಒಂದಂತೂ ಸದ್ದೇ ಮಾಡಲಿಲ್ಲ. ಅದರ ಮೇಲ್ಮುಚ್ಚಳ ಬಿಚ್ಚುವಾಗ ಅಣ್ಣನ ಹಣೆಯಿಂದ ಬೆವರು ಇಳಿದು ಕೀಗಳ ಮೇಲೆ ಬಿತ್ತು. ಒಳಗಿದ್ದದ್ದು ಪುಡಿಯಾಗಿಹೋದ ಸ್ಪಂಜು, ಅಷ್ಟೆ. ಇಬ್ಬರೂ ಹುಚ್ಚರ ಹಾಗೆ ನಕ್ಕೆವು. ಹೀಗೆ ನಿಮ್ಮ ಕಪಾಟು ಉಳಿಯಿತು. ಗೊತ್ತಿಲ್ಲದವುಗಳಲ್ಲಿ ಬಹುಪಾಲಿಗೆ ಈಗ ಹೆಸರೂ ಸಿಕ್ಕಿದೆ, ಅಣ್ಣ ಚೀಟಿ ಅಂಟಿಸಿದ್ದಾರೆ. ಆದರೂ ಬಂದ ಮೇಲೆ ಕಪಾಟಿನ ವಿಷಯವಾಗಿ ನಾವಿಬ್ಬರೂ ಕೂತು ಮಾತಾಡಲಿಕ್ಕಿದೆ.

ಮಾವನಿಗೆ ಪಾದರಸವನ್ನು ಮೈಯಿಂದ ಎಳೆದು ಹೊರಹಾಕುವ ಔಷಧಿ ಕೊಟ್ಟರು. ಮೊದಲ ವಾರ ಏನೂ ಬದಲಾಗದೆ ನಾನು ಆಸೆ ಬಿಟ್ಟಿದ್ದೆ. ಆಮೇಲೆ ಒಂದು ದಿನ ನರ್ಸು ಬಂದಾಗ ಅವರು ಹೊದಿಕೆ ಎಳೆದುಕೊಳ್ಳಲಿಲ್ಲ. ಮತ್ತೊಂದು ದಿನ ಚಮಚ ಬಾಯಿಯವರೆಗೂ ತುಳುಕದೆ ಹೋಯಿತು. ಆಗಲೇ, ತುಂಡುತುಂಡಾಗಿ, ನಡೆದದ್ದನ್ನು ಹೇಳಿದರು. ಹಳೆಯ ಅಚ್ಚುಕೂಟವೊಂದನ್ನು ಮುಚ್ಚುವಾಗ ಅಲ್ಲಿನ ಹರಾಜಿನಲ್ಲಿ ತಂದದ್ದಂತೆ. ನೀವು ಬರುವಷ್ಟರಲ್ಲಿ ಅದರ ಹೆಸರು, ಒಳಗಿನ ಸ್ವಿಚ್ಚಿನ ಜಾತಿ ಎಲ್ಲ ತಾವೇ ಕಂಡುಹಿಡಿದು ನಿಮ್ಮ ಮುಂದೆ ಎದೆ ತಟ್ಟಿಕೊಳ್ಳಬೇಕೆಂದಿತ್ತು. ಬ್ಲೇಡಿನಿಂದ ಕೊಳವೆ ಸೀಳಿ ನೋಡಿದಾಗ ಬೆಳ್ಳಿಯಂಥ ಮಣಿಗಳು ಉದುರಿದವು. ಹಳೆಯ ಬೆಸುಗೆ ಎಂದುಕೊಂಡು ಕಾಲಿನಿಂದ ಜಮಖಾನದ ಕೆಳಗೆ ತಳ್ಳಿದರು. "ಅವನಿಗೆ ಏನ್ ಹೇಳ್ತೀಯಮ್ಮ?" ಎಂದು ಕೇಳಿದರು. "ಎಲ್ಲಾ ಹೇಳ್ತೀನಿ" ಎಂದೆ. "ಒದ್ದೆ ಪೈಜಾಮದ್ದು ಬೇಡ" ಎಂದರು. ಕ್ಷಮಿಸಿ ಮಾವ, ಬರೆದಾಗಿದೆ.

ನನ್ನ ರಕ್ತವನ್ನೂ ನೋಡಿದ್ದಾರೆ. ಸ್ವಲ್ಪ ಇದೆ, ಔಷಧಿ ಬೇಕಾಗುವಷ್ಟಲ್ಲ, ಮುಂದಿನ ತಿಂಗಳು ಮತ್ತೆ ನೋಡುತ್ತಾರೆ. ನನ್ನನ್ನು ಉಳಿಸಿದ್ದು ವಕೀಲರ ಕಚೇರಿಯ ಮುರುಕು ಕಿಟಕಿ, ದಿನವಿಡೀ ಗಾಳಿ. ಆದರೂ ನಿಮಗೆ ನಿಜ ಹೇಳುತ್ತೇನೆ, ಬೆಳಿಗ್ಗೆ ಎದ್ದ ಕೂಡಲೇ ಎರಡೂ ಕೈ ಮುಂದೆ ಚಾಚಿ ಬೆರಳುಗಳನ್ನೇ ನೋಡುತ್ತೇನೆ. ನಡುಗುತ್ತಿವೆಯೇ? ಇಲ್ಲ. ನೋಡುತ್ತಲೇ ಇದ್ದರೆ ನಡುಗಿದ ಹಾಗೆ ಕಾಣುತ್ತದೆ. ಮೆಟ್ಟಿಲಲ್ಲಿ ಯಾರಾದರೂ ಜೋರಾಗಿ ಮಾತಾಡಿದರೆ ಎದೆ ಹಾರುತ್ತದೆ. ಇದು ಬರೀ ಹೆದರಿಕೆಯೋ, ಆ ವಿಷದ ಹೆದರಿಕೆಯೋ ಎಂದು ಹೇಗೆ ಗುರುತಿಸುವುದು? ಡಾಕ್ಟರಮ್ಮನನ್ನು ಕೇಳಿದೆ. "ನೀನು ಕೇಳ್ತಿದೀಯಲ್ಲ, ಅಂದ್ರೆ ಬರೀ ಹೆದರಿಕೆ" ಎಂದರು. ಅದನ್ನೇ ಹಿಡಿದುಕೊಂಡಿದ್ದೇನೆ.

ಹೊಲಿಗೆಯಮ್ಮ ನಿಮ್ಮ ಹೊಸ ಅಂಗಿಗೆ ಕತ್ತಿನ ಅಳತೆ ಕೇಳಿದ್ದಾರೆ, ಬರೆದು ಕಳಿಸಿ. ಟಿಕ್‌ಟಿಕ್ ಅಣ್ಣ ನೆನಪು ಹೇಳಿದ್ದಾರೆ. ಮಾವನ ಆಶೀರ್ವಾದ ಅವರು ಎದ್ದ ಮೇಲೆ ಅವರ ಬಾಯಿಂದಲೇ ಕೇಳಿ ಸೇರಿಸುತ್ತೇನೆ. ನಿಮ್ಮನ್ನು ಹೊತ್ತಿರುವ ಆ ಹಡಗು ತಣ್ಣಗಿರಲಿ. ಹೊಟ್ಟೆ ತುಂಬ ಉಣ್ಣಿ, ನಾಲ್ಕು ಜನರ ನಡುವೆ ಇರಿ.

ನಿಮ್ಮ ದಾರಿ ಕಾಯುತ್ತಿರುವ,
ನಿಮ್ಮವಳು

ಮರೆತದ್ದಲ್ಲ, ಈಗಷ್ಟೇ ತಿಳಿದದ್ದು: ಮಾವ ಎದ್ದರು. ಕಾಗದವನ್ನು ಅವರಿಗೆ ಓದಿ ಹೇಳುತ್ತಿದ್ದೆ. ಆ ಕೀಬೋರ್ಡನ್ನು ಮೊಹರು ಮಾಡಿ ಒಯ್ದರು ಎನ್ನುವಲ್ಲಿ ಅವರು ತಡೆದು, "ಯಾವ್ದನ್ನ? ಎರಡಿದ್ವು ಕಣಮ್ಮ" ಎಂದರು. ಎರಡೂ ಒಂದೇ ಥರದವು. ಹಡಗಿನಲ್ಲಿ ನಿಮಗೆ ಹೊತ್ತು ಹೋಗುವುದಿಲ್ಲವೆಂದು, ನೀವು ಹೊರಡುವ ಹಿಂದಿನ ದಿನ ಇನ್ನೊಂದನ್ನು ನಿಮ್ಮ ಪೆಟ್ಟಿಗೆಯ ತಳದಲ್ಲಿ, ಕಂದು ಸ್ವೆಟರಿನಲ್ಲಿ ಸುತ್ತಿ ಇಟ್ಟರಂತೆ. ಈವರೆಗೆ ಅವರಿಗೆ ನೆನಪಿರಲಿಲ್ಲ. ಈಗ ತಲೆ ಚಚ್ಚಿಕೊಳ್ಳುತ್ತಿದ್ದಾರೆ. ಹೊಲಿಗೆಯಮ್ಮ ಹಿಡಿದುಕೊಂಡಿದ್ದಾರೆ.

ನೀವು ಅದರ ವಿಷಯ ನನಗೆ ಬರೆಯಲಿಲ್ಲ. ನಾನು ಬೈಯುತ್ತೇನೆಂದು ಬರೆದಿರಲಿಕ್ಕಿಲ್ಲ, ಅಥವಾ ನೀವಿನ್ನೂ ಅದನ್ನು ನೋಡಿಯೇ ಇಲ್ಲ. ನೋಡಿಲ್ಲ ಎಂದೇ ಇರಲಿ. ಆದರೆ ನಿಮ್ಮ ಕೊನೆಯ ಕಾಗದವನ್ನು ಈಗ ಮತ್ತೆ ತೆಗೆದು ಓದಿದೆ. ಅಕ್ಷರ ಗೆರೆ ಬಿಟ್ಟು ಬಿಟ್ಟು ಹೋಗಿದೆ. ಅಲೆ ಜೋರಿತ್ತೇನೋ ಎಂದುಕೊಂಡಿದ್ದೆ. ಊಟವನ್ನು ಕ್ಯಾಬಿನ್ನಿಗೇ ತರಿಸಿಕೊಳ್ಳುತ್ತೇನೆ, ಯಾರ ಮುಖ ನೋಡಲೂ ಮನಸ್ಸಾಗುವುದಿಲ್ಲ, ಸಮುದ್ರದ ಸದ್ದಿಗೆ ಕಿಟಕಿ ಮುಚ್ಚಿಕೊಂಡಿರುತ್ತೇನೆ ಎಂದು ಬರೆದಿದ್ದೀರಿ. ನನ್ನನ್ನು ನೆನೆದು ಹೀಗಾಗುತ್ತಿದೆ ಎಂದು ನಾನು ನಕ್ಕು ಮಡಚಿಟ್ಟಿದ್ದೆ.

ಕಂಪನಿಯ ಕಚೇರಿ ಇವತ್ತು ಮುಚ್ಚಿದೆ. ಕಾವಲಿನವನು ಇರುತ್ತಾನೆ, ಈಗಲೇ ಓಡುತ್ತೇನೆ, ಹಡಗಿಗೆ ಸಂದೇಶ ಹೋಗುವವರೆಗೆ ಅಲ್ಲಿಂದ ಏಳುವುದಿಲ್ಲ. ಅಕಸ್ಮಾತ್ ಈ ಕಾಗದವೇ ಮೊದಲು ಮುಟ್ಟಿದರೆ ಎಂದು ಲಕೋಟೆಯ ಮೇಲೆ ‘ಕೊನೆಯ ಪುಟ ಮೊದಲು ಓದಿ’ ಎಂದು ದಪ್ಪಗೆ ಬರೆಯುತ್ತಿದ್ದೇನೆ. ಪೆಟ್ಟಿಗೆ ಮುಟ್ಟಬೇಡಿ, ಆ ಕೀಗಳನ್ನು ಒತ್ತಬೇಡಿ. ಕಿಟಕಿ ತೆಗೆಯಿರಿ, ಹೊರಗೆ ಬನ್ನಿ, ಬಾಗಿಲು ಎಳೆದುಕೊಳ್ಳಿ, ಕ್ಯಾಪ್ಟನ್ನಿಗೆ ಈ ಪುಟ ತೋರಿಸಿ. ಹೊರಗಿರುವವರನ್ನು ಕಂಡರೆ ನಿಮಗೆ ಹೆದರಿಕೆಯಾಗಬಹುದು. ಆದರೂ ಹೊರಗೆ ಬನ್ನಿ. ಬಾಗಿಲು ಬಡಿಯುತ್ತಿರುವವಳು ನಾನೇ ಎಂದುಕೊಂಡು ಬನ್ನಿ.